ಉಲ್ಟಾ ಕೂಡಿಸಿದ ಬಾಗಿಲು

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಪುಟ ತಿರುವಿ ಹಾಕಿ. ನಾನು ಧಾರವಾಡದ ಮಾಳಮಡ್ಡಿಯಲ್ಲಿ ಜೋಳದ ರೊಟ್ಟಿ ಮಾರುವವಳು, ಕತೆ ಮಾರುವವಳಲ್ಲ. ದೆವ್ವ ಭೂತ ಅಂದವರನ್ನು ಕಂಡು ನಗುತ್ತಿದ್ದವಳೂ ನಾನೇ. ಆದರೆ ಆ ಘಟ್ಟದ ಮೇಲಿನ ಹೊಟೇಲಿನಲ್ಲಿ ಇದೇ ಎರಡು ಕೈಯಿಂದ ನನ್ನ ತಂಗಿಯನ್ನು ಹಿಡಿದು ಎಳೆದಿದ್ದೇನೆ. ಆ ಕಡೆಯಿಂದ ಎಳೆಯುತ್ತಿದ್ದವರು ಯಾರು ಅನ್ನುವುದು ಇವತ್ತಿಗೂ ಗೊತ್ತಿಲ್ಲ.

ಮೊಬೈಲಿಗೆ ಬಂದ ಕರೆಗೂ ದುಡ್ಡು ಕೀಳುತ್ತಿದ್ದ ಕಾಲ ಅದು. ತಂಗಿ ಸುಮಿತ್ರಾಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೆವು. ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ನಾಲ್ಕು ತಿಂಗಳು ತುಂಬಿತ್ತು. ಪಾಪ, ರಾತ್ರಿ ನಿದ್ದೆಯಿಲ್ಲದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು. ಇದೂ ಹೋದರೆ ತಾನು ಉಳಿಯುವುದಿಲ್ಲ ಅನ್ನುತ್ತಿದ್ದಳು.

ಅವಳ ಗಂಡ ಬಸವರಾಜ ಸೀರೆ ಅರಿವೆ ಅಂಗಡಿಯವನು. ಯಾರದೋ ಮಾತು ಕೇಳಿ ಘಟ್ಟದ ಮೇಲೆ ಹೊಸದಾಗಿ ಆದ ಭಾರೀ ಹೊಟೇಲಿನಲ್ಲಿ ಕೋಣೆ ಹಿಡಿದ. ಎಣ್ಣೆ ತಿಕ್ಕುವುದು, ಧ್ಯಾನ, ಪಥ್ಯದ ಊಟ, ಪೂರ್ತಿ ವಿಶ್ರಾಂತಿ ಅಂತೆ.

"ಅಕ್ಕಾರ, ಆಕಿ ಜೋಡಿ ನೀವು ಹೋಗ್ರಿ. ನನಗ ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ," ಅಂದ.

"ನಂದೂ ಅಂಗಡಿ ಅಲ್ಲೇನ್ರಿ ಮತ್ತ?" ಅಂದೆ. ಆದರೂ ಹೋದೆ.

ಹೋದ ಘಳಿಗೆಯಿಂದಲೇ ಆ ಜಾಗ ನನಗೆ ಆಗಿಬರಲಿಲ್ಲ. ಎಲ್ಲಿ ನೋಡಿದರೂ ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ. ಬಿಳಿ ಅಂಗಿ ತೊಟ್ಟ ಮ್ಯಾನೇಜರ ತುಟಿಯ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ," ಅಂದ. ಉಪ್ಪು ಖಾರ ಇಲ್ಲದ ಬೇಯಿಸಿದ ಸೊಪ್ಪನ್ನು ಸಂಜೆಗೇ ತಂದಿಟ್ಟರು. ನಮ್ಮ ಎಮ್ಮೆಗೂ ನಾನು ಅದನ್ನು ಹಾಕುತ್ತಿರಲಿಲ್ಲ.

ನಮ್ಮ ಕೋಣೆ ಗುಡ್ಡದ ಅಂಚಿಗೆ ಇತ್ತು. ಹಿಂದಿನ ಗೋಡೆಗೆ ಒಂದು ಹಳೆಯ ದೊಡ್ಡ ಬಾಗಿಲು, ತೇಗಿನದು. ಅದರ ಆಚೆ ಧ್ಯಾನಕ್ಕೆ ಕೂಡಲು ಒಂದು ಕಲ್ಲಿನ ಕಟ್ಟೆ, ಅದರ ಆಚೆ ಬರೀ ಕಣಿವೆ. ನೋಟಕ್ಕೆ ಅಡ್ಡವಾಗುತ್ತದೆ ಅಂತ ಅಂಚಿಗೆ ತಡೆಯಾಗಿ ಒಂದು ಕಠಡಾ ಕೂಡ ಹಾಕಿರಲಿಲ್ಲ, ಬುದ್ಧಿಗೇಡಿಗಳು.

ಬಾಗಿಲನ್ನು ನೋಡಿದ ಕೂಡಲೇ ನನಗೆ ರೇಗಿತು.

"ಇದನ್ನ ಉಲ್ಟಾ ಕೂಡಿಸೀರಲ್ರಿ! ಕೆತ್ತಿದ್ದು ಬೀದಿ ಕಡೆ ಇರಬೇಕು, ಅಗಳಿ ಮನಿ ಒಳಗಿನ ಕಡೆ. ನೀವು ಅಗಳಿ ಹೊರಗ ಮಾಡೀರಿ."

ಮ್ಯಾನೇಜರ ನಕ್ಕ. "ಕೆತ್ತನೆ ಗೆಸ್ಟ್‌ಗಳಿಗೆ ರೂಮಿಂದ ಕಾಣ್ಬೇಕಲ್ವಾ ಮೇಡಂ? ನಿಮ್ಮ ಕಡೆ ಯಾವುದೋ ಹಳೇ ವಾಡೆ ಮನೆ ಕೆಡವಿದಾಗ ತಂದಿದ್ದು ಇದು. ಹೊಸ್ತಿಲ ಸಮೇತ."

ಅವತ್ತು ಶುಕ್ರವಾರ. ನಮ್ಮ ಸುಮಿತ್ರಾ ಎಲ್ಲಿ ಹೋದರೂ ಕುಂಕುಮದ ಭರಣಿ ಬಿಡುವವಳಲ್ಲ. ದೀಪ ಹಚ್ಚುವ ಹೊತ್ತಿಗೆ ಆ ಹೊಸ್ತಿಲನ್ನು ನೀರಿನಿಂದ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಎಳೆದು ಕೈಮುಗಿದಳು. "ಪಾಪ, ಎಷ್ಟು ವರ್ಷದಿಂದ ಪೂಜಿ ಇಲ್ಲದ ಬಿದ್ದಿತ್ತೋ," ಅಂದಳು.

ನಾನು ಹಾಸಿಗೆಯ ಮೇಲೆ ಕೂತು ನೋಡುತ್ತಿದ್ದೆ. ಅವಳು ಕೋಣೆಯ ಒಳಗೇ ಕೂತಿದ್ದಳು. ಆದರೆ ಆ ಕೆತ್ತನೆಯ ಮುಂದೆ ಕೂತವಳನ್ನು ನೋಡಿದರೆ, ಬೀದಿಯಿಂದ ಬಂದು ಯಾರದೋ ಮನೆಯ ಬಾಗಿಲಲ್ಲಿ ಕೂತಂತೆ ಕಾಣುತ್ತಿತ್ತು. ಹಾಗಾದರೆ ಮನೆ ಆ ಕಡೆ... ಕಣಿವೆಯ ಕಡೆ. ಬಸಿರಿಯನ್ನು ಯಾಕೆ ಹೆದರಿಸಬೇಕು ಅಂತ ಬಾಯಿ ಮುಚ್ಚಿಕೊಂಡೆ.

ಎಣ್ಣೆ ತಿಕ್ಕಿಸಿಕೊಂಡಿದ್ದಕ್ಕೋ ಏನೋ, ತಿಂಗಳುಗಟ್ಟಲೆ ನಿದ್ದೆ ಕಾಣದ ಸುಮಿತ್ರಾ ಅವತ್ತು ಬೇಗ ಮಲಗಿಬಿಟ್ಟಳು. ನಾನೂ ಒರಗಿದೆ. ಹೊರಗೆ ಜಿರ್ರೋ ಅನ್ನುವ ಹುಳಗಳ ಸದ್ದು.

ಆಮೇಲೆ ಹುಳಗಳು ಸುಮ್ಮನಾದವು.

ಟಪ್... ಟಪ್... ಟಪ್...

ಆ ಸಪ್ಪಳವನ್ನು ನಾನು ಸತ್ತರೂ ಮರೆಯಲಾರೆ. ಮರದ ಕೊಣಮಿಗೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ. ನಡುನಡುವೆ ಬಳೆಗಳ ಸದ್ದು, ಬೆಂದ ಜೋಳದ ವಾಸನೆ, ಸೌದೆಯ ಹೊಗೆ. 'ನಮಗೆ ಸೊಪ್ಪು ಹಾಕಿ ತಾವು ಕದ್ದು ರೊಟ್ಟಿ ತಿನ್ನುತ್ತಾರಲ್ಲ, ಕಳ್ಳರು' ಅಂತ ಬೈದುಕೊಂಡೆ. ಆಮೇಲೆ ಸಪ್ಪಳ ಬರುತ್ತಿದ್ದುದು ಎಲ್ಲಿಂದ ಅಂತ ತಿಳಿಯಿತು. ಆ ಬಾಗಿಲಿನ ಆಚೆಯಿಂದ. ಅಲ್ಲಿ ಕಣಿವೆ ಬಿಟ್ಟರೆ ಏನೂ ಇರಲಿಲ್ಲ.

ರೊಟ್ಟಿಯ ಸಪ್ಪಳ ನಿಂತಿತು. ಮುದುಕಿಯೊಬ್ಬಳ ದನಿ, ಬಹಳ ಅಕ್ಕರೆಯಿಂದ...

"ಬಾಗಲಾಗ ಯಾಕ ನಿಂತಿ, ಮಗಳ? ಹೊತ್ತು ಮುಣಗೇತಿ. ಒಳಗ ಬಾ. ಉಡಿ ತುಂಬತೇನಿ."

ಪಕ್ಕಕ್ಕೆ ಕೈಯಾಡಿಸಿದೆ. ಹಾಸಿಗೆ ಖಾಲಿ.

ಬಾಗಿಲು ತೆರೆದಿತ್ತು. ಸುಮಿತ್ರಾ ನಿಂತಿದ್ದಳು, ಹೊಸ ಸೊಸೆಯಂತೆ ಬಲಗಾಲನ್ನು ಹೊಸ್ತಿಲ ಆಚೆ ಇಟ್ಟು. ಮಡಿಲು ತುಂಬಿಸಿಕೊಳ್ಳುವವಳಂತೆ ಎರಡೂ ಕೈಯಿಂದ ಸೆರಗು ಒಡ್ಡಿದ್ದಳು.

"ಬಂದೆ ಯವ್ವಾ..." ಅನ್ನುತ್ತಿದ್ದಳು.

ನಾನು ಹೇಗೆ ಎದ್ದೆನೋ ದೇವರೇ ಬಲ್ಲ. ಒಂದು ಕೈಯಲ್ಲಿ ಅವಳ ಜಡೆ, ಇನ್ನೊಂದರಲ್ಲಿ ರಟ್ಟೆ ಹಿಡಿದು ಜಗ್ಗಿದೆ. ಬರಲಿಲ್ಲ! ನಾಲ್ಕು ತಿಂಗಳ ಬಸಿರಿ, ಕಸಬರಿಗೆಯ ಹಂಚಿಕಡ್ಡಿಯಂಥ ಹುಡುಗಿ, ಬರಲಿಲ್ಲ. ಅವಳ ಸೆರಗು ಕತ್ತಲೆಯ ಕಡೆಗೆ ಬಿಗಿಯಾಗಿ ಎಳೆದುಕೊಂಡಿತ್ತು. ಗಾಳಿ ಅನ್ನೋಣವೆಂದರೆ ನನ್ನ ಒಂದು ಕೂದಲೂ ಅಲುಗುತ್ತಿರಲಿಲ್ಲ.

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ಬಿಡ ನನ್ನ ತಂಗೀನ! ಬಿಡ ಅಂದ್ರ!" ಅಂತ ಗಂಟಲು ಹರಿಯುವಂತೆ ಚೀರಿದೆ.

ಆ ಕಡೆಯ ಹಿಡಿತ ಒಮ್ಮೆಲೇ ಸಡಿಲವಾಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು, ಅವಳು ನನ್ನ ಮೇಲೆ. ಬಾಗಿಲು ತಾನೇ ಮುಚ್ಚಿಕೊಂಡಿತು. ಆಚೆಯ ಬದಿಯಲ್ಲಿ ಅಗಳಿ ನಿಧಾನವಾಗಿ ಸರಿದು ಕೂತ ಸದ್ದು ಕೇಳಿಸಿತು.

ಸುಮಿತ್ರಾ ನನ್ನನ್ನು ದುರುಗುಟ್ಟಿ ನೋಡಿದಳು. ಅಂಥ ಸಿಟ್ಟನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ.

"ನನ್ನ ಯಾಕ ಹೊರಗ ಎಳದಿ, ಅಕ್ಕಾ?"

ಅವಳ ಸೆರಗಿನಲ್ಲಿ ಅಕ್ಕಿ ಇತ್ತು. ಅರಿಶಿನದ ಕೊಂಬು, ಅಡಿಕೆ, ಖೊಬ್ಬರಿ ಬಟ್ಟಲು. ಮುಟ್ಟಿದರೆ ಬೆಚ್ಚಗಿತ್ತು, ಈಗಷ್ಟೇ ಒಲೆಯ ಮುಂದಿನಿಂದ ತಂದಂತೆ.

ಬೆಳಕು ಹರಿಯುವವರೆಗೆ ದೀಪ ಆರಿಸಲಿಲ್ಲ. ಬೆಳಗ್ಗೆ ಮ್ಯಾನೇಜರ ಬಂದು ಬಾಗಿಲು ನೂಕಿದ, ಜಗ್ಗಿದ, ಆಗಲಿಲ್ಲ. ಆ ಕಟ್ಟೆಗೆ ಹೋಗಲು ಬೇರೆ ದಾರಿಯೇ ಇಲ್ಲ. ಕೊನೆಗೆ ಒಬ್ಬನನ್ನು ಹಗ್ಗ ಕಟ್ಟಿ ಮಾಳಿಗೆಯಿಂದ ಇಳಿಸಿದರು. ಅವನು ಅಗಳಿ ತೆಗೆದು ಒಳಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಲ್ಲಿ ಏನು ಕಂಡ ಅಂತ ಕೇಳುವಷ್ಟರಲ್ಲಿ ಹಗ್ಗ ಬಿಚ್ಚಿ ಎಸೆದು ಕೋಣೆಯಿಂದ ಹೊರಗೆ ಓಡಿದ. ಆಗ ಮ್ಯಾನೇಜರನಿಗೂ ನಗು ಬರಲಿಲ್ಲ. ನಾನು ಅವನಿಗೆ ಜೋರಾಗಿಯೇ ನಾಲ್ಕು ಮಾತು ಹೇಳಿ, ಜೀಪು ತರಿಸಿ ಹೊರಟೆ.

ದಾರಿಯಲ್ಲಿ ಆ ಅಕ್ಕಿಯನ್ನು ಹೊಳೆಗೆ ಚೆಲ್ಲು ಅಂದೆ. ಸುಮಿತ್ರಾ ಗಂಟನ್ನು ಹೊಟ್ಟೆಗೆ ಅವಚಿಕೊಂಡಳು.

"ಉಡಿ ಅಕ್ಕಿ ಯಾರರ ಚೆಲ್ತಾರೇನ? ಎರಡ ಸಲ ಹೋಗೇತಿ ಅಕ್ಕಾ. ಯಾರು ತುಂಬಿದರೇನು, ತುಂಬ್ಯಾರಲ್ಲ?"

ಉಡಿಯ ಅಕ್ಕಿಯನ್ನು ಚೆಲ್ಲಬಾರದು, ಮನೆಯಲ್ಲೇ ಸಿಹಿ ಮಾಡಿ ಉಣ್ಣಬೇಕು. ಆ ಪದ್ಧತಿ ನನಗೂ ಗೊತ್ತು. ಬಸಿರಿಯ ಕೈಯಿಂದ ಅದನ್ನು ಕಸಿಯುವ ಧೈರ್ಯ ಈ ಗಟ್ಟಿಬಾಯಿಯ ಹೆಂಗಸಿಗೂ ಬರಲಿಲ್ಲ. ಅವಳು ಹುಗ್ಗಿ ಮಾಡಿ, ಬೇರೆ ಯಾರಿಗೂ ಕೊಡದೆ, ಒಂದು ಅಗಳೂ ಬಿಡದೆ ಉಂಡಳು.

ಮಗು ನಿಂತಿತು. ದಿನ ತುಂಬಿ ಹೆಣ್ಣು ಹುಟ್ಟಿತು. ಗುಂಡುಗುಂಡಾದ ಛಲೋ ಕೂಸು. ಈಗ ಸಾಲಿಗೆ ಹೋಗುತ್ತಾಳೆ, ನನಗೆ ದೊಡ್ಡವ್ವಾ ದೊಡ್ಡವ್ವಾ ಅಂತ ಜೋತುಬೀಳುತ್ತಾಳೆ. ಆ ರಾತ್ರಿಯನ್ನು ನಾನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆ.

ಮೊನ್ನೆ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಸುಮಿತ್ರಾ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಹುಡುಗಿ ಪಡಸಾಲೆಯಲ್ಲಿ, ಹೊಸ್ತಿಲ ಈಚೆ ನಿಂತು ಬೀದಿಯ ಕತ್ತಲನ್ನೇ ನೋಡುತ್ತಿದ್ದಳು.

"ಏನ್ ನೋಡಾಕತ್ತೀ ಬಂಗಾರಾ?" ಅಂದೆ.

ಅವಳು ತಿರುಗಲಿಲ್ಲ.

"ದೊಡ್ಡವ್ವಾ, ನಾವು ಒಳಗ ಯಾವಾಗ ಹೋಗೂದು?"

ಮನೆಯ ಒಳಗೇ ನಿಂತಿದ್ದಳು. ಫ್ರಾಕಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಒಡ್ಡಿದ್ದಳು. ಅಷ್ಟು ಸಣ್ಣ ಹುಡುಗಿಗೆ ನಮ್ಮಲ್ಲಿ ಯಾರೂ ಉಡಿ ತುಂಬುವುದಿಲ್ಲ, ಅದನ್ನು ಅವಳಿಗೆ ಯಾರೂ ಕಲಿಸಿಲ್ಲ.

ನಾನು ಮಾಳಮಡ್ಡಿಗೆ ತಿರುಗಿ ಹೋಗಿಲ್ಲ. ರೊಟ್ಟಿ ಅಂಗಡಿಗೆ ಬೀಗ ಬಿದ್ದಿದೆ. ರಾತ್ರಿ ತಂಗಿಯ ಮನೆಯ ಬೀದಿಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು, ಹುಡುಗಿಯ ಕೈಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತೇನೆ.