ಬಿಳಿ ಇಲಿಗಳೊಂದಿಗೆ ಮಂಡೆಕೋಲಿಗೆ

ಅರವತ್ತರ ದಶಕದ ಆರಂಭದ ಒಂದು ನವೆಂಬರ್ ಬೆಳಿಗ್ಗೆ, ಬಿಳಿ ಇಲಿಗಳಿದ್ದ ತಂತಿಪಂಜರ ಹಿಡಿದು ಪುತ್ತೂರಿನಲ್ಲಿ ಬಸ್ಸಿನಿಂದ ಇಳಿದೆ. ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು ದನಗಳ ರಕ್ತನಾಳದಲ್ಲಿ ಬದುಕಿ ಭೇದಿ ಹಿಡಿಸುವ ಒಂದು ಹುಳದ ಬೆನ್ನು ಹತ್ತಿದ್ದೆ. ಅದರ ಮರಿ ಗದ್ದೆಯ ಬಸವನಹುಳದೊಳಗೆ ಬೆಳೆದು, ನೀರಿಗಿಳಿದು, ದನದ ಚರ್ಮ ತೂರಿ ಒಳಹೊಗುತ್ತದೆ. ನೀರಿನಲ್ಲಿ ಒಂದು ದಿನ ಬದುಕಿದರೆ ಹೆಚ್ಚು. ಹಿಂದೆ ಬಸವನಹುಳಗಳನ್ನು ಮಂಗಳೂರಿಗೆ ಒಯ್ಯುವಷ್ಟರಲ್ಲಿ ಅವು ಸತ್ತೇಹೋಗಿದ್ದವು. ಹಾಗಾಗಿ ಈ ಸಲ, ಹುಳ ಹತ್ತಿಸಿ ನೋಡಬೇಕಾದ ಇಲಿಗಳನ್ನೇ ಗದ್ದೆಗೆ ತಂದಿದ್ದೆ. ಗದ್ದೆಗಳ ನೀರು ಆಗಲೇ ಇಂಗತೊಡಗಿತ್ತು. ಇದೂ ತಪ್ಪಿದರೆ ಮುಂದಿನ ಮಳೆಗಾಲಕ್ಕೇ ಕಾಯಬೇಕು.

ಕಡಬದ ಬಸ್ಸಿನ ಕಂಡಕ್ಟರ್ ಪಂಜರವನ್ನು ಮೇಲೆ ಹಾಕಿ ಎಂದ. ಬಿಸಿಲಿಗೆ ಸಾಯುತ್ತವೆ ಎಂದೆ. ಡ್ರೈವರ್ ತಿರುಗಿ ನೋಡಿದರು. "ನನ್ನ ಹತ್ತಿರ ಇಡಿ ಟೀಚರೇ. ಎಂಜಿನ್ ಬಿಸಿ ತಾಗದ ಹಾಗೆ ಗೋಣಿ ಹಾಕುವ" ಎಂದರು. ದಾರಿಯ ಹೊಳೆಯ ಬಳಿ ಬಸ್ ನಿಲ್ಲಿಸಿ, ಗೋಣಿಯನ್ನು ಒದ್ದೆ ಮಾಡಿಯೂ ಕೊಟ್ಟರು.

ಕಡಬದಲ್ಲಿ ತೋಡು, ಗದ್ದೆ ಎಲ್ಲ ಜಾಲಾಡಿದೆ. ಬಸವನಹುಳಗಳೇನೋ ಸಿಕ್ಕವು. ಗಾಜಿನ ಲೋಟದಲ್ಲಿ ಬಿಸಿಲಿಗಿಟ್ಟರೆ ನೀರು ತಿಳಿಯಾಗಿಯೇ ಉಳಿಯಿತು. ಒಂದು ಮರಿಯೂ ಹೊರಬರಲಿಲ್ಲ. ಸೆಕೆಗೆ ಎರಡು ಇಲಿ ಸತ್ತವು. ಬರಿಗೈಲಿ ಹಿಂದಿರುಗುವುದೇ ಎಂದು ಹೋಟೆಲಿನಲ್ಲಿ ಗಂಜಿಯ ಮುಂದೆ ಕುಳಿತಿದ್ದಾಗ ಯಜಮಾನರು, "ಮಂಡೆಕೋಲಿನಲ್ಲಿ ನನ್ನ ಪರಿಚಯದ ಜತ್ತಪ್ಪ ಗೌಡ್ರು ಅಂತ ಇದ್ದಾರೆ. ಅವರ ಎತ್ತು ಭೇದಿಯಾಗಿ ಸೊರಗಿದೆಯಂತೆ. ಅಲ್ಲಿ ನೋಡಿ ಮಾರಾಯ್ರೆ" ಎಂದರು.

ಮರುದಿನ ಪಂಜದ ದಾರಿಯಾಗಿ ಸುಳ್ಯ ಸೇರಿ, ಅಲ್ಲಿಂದ ಉಪ್ಪಿನ ಮೂಟೆಗಳ ನಡುವೆ ಜೀಪಿನಲ್ಲಿ ಕುಳಿತು ಮಂಡೆಕೋಲಿಗೆ ಬಂದೆ. ಜತ್ತಪ್ಪ ಗೌಡರು ಗದ್ದೆ ತೋರಿಸಿದರು. ಇಂಗದೆ ಉಳಿದಿದ್ದ ಕೆಸರಿನಲ್ಲಿ ಬಸವನಹುಳಗಳಿದ್ದವು. ಮಾರನೆಯ ದಿನ ಬೆಳಗಿನ ಬಿಸಿಲಿಗಿಟ್ಟ ಲೋಟದಲ್ಲಿ ಸ್ವಲ್ಪ ಹೊತ್ತಿಗೆ ಧೂಳಿನಂಥ ಕಣಗಳು ಕುಣಿಯತೊಡಗಿದವು. ಭೂತಗನ್ನಡಿ ಹಿಡಿದಾಗ ಅವುಗಳ ಕವಲು ಬಾಲ ಕಂಡಿತು. ನಾನು ಹುಡುಕುತ್ತಿದ್ದ ಮರಿಗಳೇ.

ಗೌಡರ ಹೆಂಡತಿ ಹೊನ್ನಮ್ಮ ಪಂಜರದ ಪಕ್ಕ ನಿಂತಿದ್ದರು. "ಎತ್ತಿಗೆ ಬಂದದ್ದು ಸಾಲದು ಅಂತ ಈ ಬಾಯಿಲ್ಲದ ಜೀವಕ್ಕೂ ರೋಗ ಹಿಡಿಸುದಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೌದು. ಆಮೇಲೆ ಕೊಯ್ದೂ ನೋಡಬೇಕು. ಹುಳ ಮೈಯೊಳಗೆ ಎಷ್ಟು ದಿನಕ್ಕೆ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗದೆ ಮದ್ದು ಯಾವಾಗ ಕೊಡಬೇಕೆಂದು ಗೊತ್ತಾಗುವುದಿಲ್ಲ" ಎಂದೆ.

"ನಮ್ಮ ಎತ್ತು ಉಳಿದೀತಾ?"

"ಅದಕ್ಕೆ ಇದರಿಂದ ಉಪಯೋಗವಾಗಲಾರದು."

ಅವರು ಎತ್ತು ಕಟ್ಟಿದ್ದ ಹಟ್ಟಿಯ ಕಡೆ ನೋಡಿದರು. ನಂತರ ಒಳಗಿನಿಂದ ಅಗಲ ಬಾಯಿಯ ಮಣ್ಣಿನ ಪಾತ್ರೆ ತಂದರು. "ಇನ್ನು ಬರುವ ಎತ್ತಿಗಾದರೂ ಆಗಲಿ. ಇದರಲ್ಲಿ ಮಾಡಿ" ಎಂದರು.

ಲೋಟದ ನೀರನ್ನು ಪಾತ್ರೆಗೆ ಸುರಿದು, ಪಾದ ಮುಳುಗುವಷ್ಟು ನೀರಿನಲ್ಲಿ ಇಲಿಗಳನ್ನು ಬಿಟ್ಟೆ. ಹೊನ್ನಮ್ಮ ಪಕ್ಕದಲ್ಲೇ ಕುಳಿತು, ಎರಗಲು ಬಂದ ಕಾಗೆಗಳನ್ನು ಓಡಿಸುತ್ತಾ, ನನ್ನ ಕೆಲಸ ಮುಗಿಯುವವರೆಗೂ ಏಳಲಿಲ್ಲ. ಕೆಲವು ವಾರಗಳ ನಂತರ ಮಂಗಳೂರಿನಲ್ಲಿ ಆ ಇಲಿಗಳ ಕರುಳಿನ ರಕ್ತನಾಳಗಳಲ್ಲಿ ಹೆಣ್ಣನ್ನು ತಬ್ಬಿಕೊಂಡಿದ್ದ ಗಂಡು ಹುಳಗಳನ್ನು ಕಂಡೆ. ಹುಡುಕಿದ್ದು ಕೊನೆಗೂ ಸಿಕ್ಕಿತ್ತು. ಆದರೆ ಆ ಹೊತ್ತಿಗೆ ನೆನಪಾದದ್ದು ಅಂಗಳದಲ್ಲಿ ಕುಳಿತ ಹೊನ್ನಮ್ಮನೇ.

ಮಂಡೆಕೋಲಿನಲ್ಲಿ ಅಂದು ಮಧ್ಯಾಹ್ನ ಅವರು ಬಡಿಸಿದ ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು ಉಂಡು ಜೀಪು ಹತ್ತಿದೆ. ಹೊರಡುವಷ್ಟರಲ್ಲಿ ಹೊನ್ನಮ್ಮ ಬಾಳೆಲೆಯ ಪೊಟ್ಟಣ ಹಿಡಿದು ಬಂದರು, ಬಿಡಿಸಿದರೆ ಅವಲಕ್ಕಿ. ನನಗೆ ಹೊಟ್ಟೆ ತುಂಬಿದೆ, ಯಾಕೆ ಸುಮ್ಮನೆ ಎಂದೆ.

"ನಿಮಗಲ್ಲ ಟೀಚರೇ, ಅವಕ್ಕೆ" ಎಂದರು ಅವರು. "ಇರುವಷ್ಟು ದಿನ ಹೊಟ್ಟೆಗೆ ಚೆಂದ ಹಾಕಿ."