ಉಳಿದ ಮೂರು ಸೂಜಿ

ನಮ್ಮ ಮನೆಯ ಹಾಲಿನ ತಂಬಿಗೆಗೆ ಕಂಠದ ಬಳಿ ಒಂದು ತಗ್ಗಿದೆ. ಬೆಳಗ್ಗೆ ಹುಲಿಗೆಮ್ಮ ಬಾಗಿಲಲ್ಲಿ ಕೂಗಿದಾಗ ಅದನ್ನು ಹಿಡಿದು ಹೊರಗೆ ನಿಲ್ಲುವುದೇ ನನ್ನ ದಿನದ ಮೊದಲ ಕೆಲಸ. ರಾಯಚೂರಿನ ಅಂಚಿನಲ್ಲಿ ಒಂದೇ ಎಮ್ಮೆ ಕಟ್ಟಿಕೊಂಡಿರುವ ಆಕೆ, ಲೀಟರು ಅಳೆದ ಮೇಲೂ ಒಂದಿಷ್ಟು ಕೊಸರು ಸುರಿಯುತ್ತಾಳೆ. ಆ ಹಾಲಿನ ಚಹಾಕ್ಕೆ ಒಗ್ಗಿದವನಿಗೆ, ಗೆಳೆಯಾ, ಪಾಕೀಟು ಹಾಲಿನ ಚಹಾ ಬಣ್ಣದ ಬಿಸಿನೀರು. ನನ್ನ ನಾಲಿಗೆಯ ಈ ದೊಡ್ಡಸ್ತಿಕೆಯಿಂದಲೇ ಮುಂದಿನದೆಲ್ಲ ನಡೆಯಿತು.

ಕಳೆದ ಚಳಿಗಾಲದಲ್ಲಿ ಎಮ್ಮೆಯ ಕೆಚ್ಚಲು ಬಾತಿತು. ದನದ ಡಾಕ್ಟರು ಐದು ದಿನಕ್ಕೆ ಐದು ಸೂಜಿ ಹೇಳಿ, ಅವು ಮುಗಿದ ಮೇಲೂ ಕೆಲವು ದಿನ ಹಾಲು ಯಾರಿಗೂ ಹಾಕಬೇಡ ಎಂದಿದ್ದರು. "ಔಷಧ ಹಾಲಿನಾಗ ಇಳೀತದಂತ್ರಿ ಸರ, ಈ ವಾರ ಬ್ಯಾಡ್ರಿ" ಎಂದು ಅವಳೇ ಬಂದು ತಿಳಿಸಿದಳು. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳಿ ಸಂಬಳ ಎಣಿಸುವ ನಾನು ಅವಳ ಬೆನ್ನು ತಟ್ಟಬೇಕಿತ್ತು. ಬದಲಿಗೆ ಮರುದಿನ ಅವಳು ಮೇವಿಗೆ ಹೋಗುವಾಗ "ಇನ್ನೂ ಎಷ್ಟು ದಿನ ಯವ್ವಾ? ಚಹಾ ಬಾಯಾಗ ಇಡಾಕ ಆಗವಲ್ದು" ಎಂದೆ; ಅದರ ಮರುದಿನ, ಬೇರೆ ಕಡೆ ಹಾಲು ಹಚ್ಚಿಕೊಳ್ಳಬೇಕಾದೀತೆಂದು ನಗುತ್ತಲೇ ಹೇಳಿದೆ. ವಾರ ತುಂಬುವ ಮೊದಲೇ ಕ್ಯಾನು ಬಾಗಿಲಿಗೆ ಬಂತು. ಬಾವು ಇಳಿದಿದೆ ಎಂದಳು. ನಾನು ಹೆಚ್ಚಿನದೇನೂ ಕೇಳದೆ ತಂಬಿಗೆ ಮುಂದೆ ಹಿಡಿದೆ.

ಬೇಸಿಗೆಯಲ್ಲಿ ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ಹಸಿಹಾಲು ಕೂಡಿಸಲು ಐಸಿನ ಡಬ್ಬಿ ಹೊತ್ತು ಮಾನ್ವಿಗೂ ದೇವದುರ್ಗಕ್ಕೂ ಬಸ್ಸು ಹತ್ತಿದೆ. ದನಕ್ಕೆ ಔಷಧ ಪೂರ್ತಿ ಕೊಡುತ್ತೀರಾ ಎಂದು ಕೇಳಿದಲ್ಲೆಲ್ಲ ಉತ್ತರ ಒಂದೇ. "ಬಾವು ಇಳದ ಮ್ಯಾಲ ಸೂಜಿ ಯಾಕ ಬೇಕ್ರಿ? ಹೊಟ್ಟಿ ತುಂಬಿದವಗ ಮತ್ತ ರೊಟ್ಟಿ ನೀಡಿದಂಗ" ಎಂದರು ದೇವದುರ್ಗದ ಹಿರಿಯರೊಬ್ಬರು. ನಾನು ತಿಳಿದವನ ನಗು ನಕ್ಕು ವಿವರಿಸಿದೆ: ಬಾವು ಇಳಿಯುವುದು ಬೇರೆ, ಬೇನೆ ತೀರುವುದು ಬೇರೆ, ಅರ್ಧ ಔಷಧಕ್ಕೆ ಸಾಯುವುದು ಮೆತ್ತನೆಯ ಜೀವಿಗಳು, ಪೆಟ್ಟು ತಿಂದೂ ಉಳಿದ ಗಟ್ಟಿಗಳು ತಮ್ಮಂಥವನ್ನೇ ಹೆಚ್ಚಿಸುತ್ತವೆ, ಮುಂದಿನ ಸಲ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಅವರು ತಲೆಯಾಡಿಸಿ ನನಗೊಂದು ಚಹಾ ಹೇಳಿದರು.

ತಿರುಗಿ ಬಂದಾಗ ಹುಲಿಗೆಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಕೆಚ್ಚಲು ಮತ್ತೆ ಬಾತು ಕಲ್ಲಾಗಿತ್ತು. "ಹಿಂದಿನ ಸೂಜಿ ಹತ್ತವಲ್ದ್ರಿ ಸರ. ಈ ಎಮ್ಮಿ ಹೋದ್ರ ನನಗ ಮತ್ತೊಂದಿಲ್ಲ."

ಅವಳ ಎಮ್ಮೆಯ ಹಾಲನ್ನೂ ಮಾನ್ವಿ, ದೇವದುರ್ಗದ ಹಾಲಿನ ಪಕ್ಕದಲ್ಲಿ ಪರೀಕ್ಷೆಗೆ ಇಟ್ಟೆ. ಗಾಜಿನ ತಟ್ಟೆಯಲ್ಲಿ ಹಾಲಿನ ಜೀವಿಗಳನ್ನು ಹರಡಿ, ಒಂದೊಂದು ಔಷಧದಲ್ಲಿ ನೆನೆದ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತೇವೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಬಯಲು, ನಾಟದಿದ್ದರೆ ಅದರ ಅಂಚಿನವರೆಗೂ ಜೀವಿಗಳ ಬೆಳೆ. ಮರುದಿನ ನೋಡಿದರೆ, ಆ ಎರಡೂ ಊರಿನ ತಟ್ಟೆಗಳಲ್ಲಿ ಬಯಲು ಅಲ್ಲಲ್ಲಿ ಕಿರಿದಾಗಿತ್ತು. ಹುಲಿಗೆಮ್ಮನ ತಟ್ಟೆಯಲ್ಲಿ ಹಳೆಯ ಔಷಧದ ಸುತ್ತ ಬಯಲೇ ಇರಲಿಲ್ಲ, ಬೇರೊಂದು ಬಿಲ್ಲೆಯ ಸುತ್ತ ಮಾತ್ರ ಇತ್ತು. ಆ ಹೆಸರನ್ನು ಡಾಕ್ಟರಿಗೆ ತಿಳಿಸಿ, ಅವಳನ್ನು ಕೇಳಿದೆ: ಮೊದಲ ಸಲ ಎಷ್ಟು ಸೂಜಿ ಮಾಡಿಸಿದ್ದೆ?

"ಎರಡ್ರಿ. ನಿಮಗ ಚಹಾಕ್ಕ ತ್ರಾಸ ಆಗಾಕತ್ತಿತ್ತಲ್ರಿ. ಬಾವೂ ಇಳದಿತ್ತು, ಬಿಟ್ನಿ."

ದೂರುವ ದನಿಯೇ ಅಲ್ಲ, ಕೇಳಿದ್ದಕ್ಕೆ ಹೇಳಿದಳು ಅಷ್ಟೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನನಗೆ ನಾಚಿಕೆಯಾಯಿತು, ಅದನ್ನು ಅವಳೆದುರು ಹೇಳಿಯೂ ಹೇಳಿದೆ. ಅವಳಿಗೆ ಅದಕ್ಕಿಂತ ಎಮ್ಮೆಯ ಚಿಂತೆ ದೊಡ್ಡದಿತ್ತು.

ಹೊಸ ಔಷಧ ನಾಟಿತು. ಎರಡನೆಯ ಸೂಜಿಗೇ ಬಾವು ಇಳಿಯಿತು. "ನಾಳಿಂದ ಹಾಲು ತರ್ಲೇನ್ರಿ ಸರ?" ಎಂದು ಅವಳು ಕೇಳಿದಾಗ "ಬ್ಯಾಡ ಯವ್ವಾ, ಇನ್ನೂ ಮೂರು ಸೂಜಿ ಅದಾವ" ಎಂದೆ. ಅವು ಮುಗಿದು, ಡಾಕ್ಟರು ಹೇಳಿದ ದಿನಗಳೂ ಕಳೆಯುವವರೆಗೆ ತಂಬಿಗೆ ಅಡುಗೆಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಎಮ್ಮೆ ಉಳಿಯಿತು, ಅದರ ನಾಲ್ಕು ಮೊಲೆಗಳಲ್ಲಿ ಒಂದು ಮಾತ್ರ ಬತ್ತಿಹೋಯಿತು, ಅದರಲ್ಲಿ ಮತ್ತೆ ಹಾಲು ಇಳಿಯಲಿಲ್ಲ.

ಈಗ ಹಾಲು ಮತ್ತೆ ಬರುತ್ತಿದೆ. ಮೊದಲ ದಿನ ಅಳತೆ ಮುಗಿದ ಮೇಲೂ ಹುಲಿಗೆಮ್ಮನ ಕೈ ರೂಢಿಯಂತೆ ಕೊಸರಿಗೆ ಬಾಗಿತು. ನಾನು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡೆ.