ಕೋಳಿಗೆ ಹಾಕಿದ ಹುಳ

ಮೊನ್ನೆ ಶಿಡ್ಲಘಟ್ಟದ ಬಸ್ ನಿಲ್ದಾಣದ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿದ್ದರು. ಆ ಘಾಟು ಮೂಗಿಗೆ ಬಡಿದೊಡನೆ ಪಕ್ಕದ ಮನೆಯ ಅಕ್ಕ ನೆನಪಾದರು. ಸಾದಲಿ ಹತ್ತಿರದ ನಮ್ಮೂರಿನಲ್ಲಿ ಅವರ ಸೆರಗಿಗೂ ಅದೇ ವಾಸನೆ ಇರುತ್ತಿತ್ತು...

ಗಂಡ ತೀರಿಕೊಂಡ ಮೇಲೆ ರೇಷ್ಮೆ ಹುಳ ಸಾಕಿಯೇ ಅವರು ಮಗನನ್ನು ಓದಿಸುತ್ತಿದ್ದರು. ಒಂದು ವರ್ಷ ಹಾಲುರೋಗ ಬಂದು ಊರಿನ ಅರ್ಧ ಮನೆಗಳ ಹುಳ ಸತ್ತವು. ಆಗ ಅಕ್ಕ ಮನೆಮನೆಗೂ ಹೋಗಿ ಹೇಳಿದರು: ಇಡೀ ಊರು ಒಟ್ಟಿಗೆ ಸಾಕಣೆ ನಿಲ್ಲಿಸಬೇಕು, ಎಲ್ಲರೂ ಹುಳದ ಮನೆ ತೊಳೆದು ಬ್ಲೀಚಿಂಗ್ ಪೌಡರಿನ ಮದ್ದು ಹೊಡೆಯಬೇಕು, ಆಮೇಲೆ ಒಂದೇ ದಿನ ಹೊಸ ಹುಳ ತರಬೇಕು. ಒಂದು ಮನೆಯಲ್ಲಿ ರೋಗ ಉಳಿದರೂ ಮತ್ತೆ ಊರಿಗೆಲ್ಲ ಹರಡುತ್ತದೆ. ರೋಗದ ಹುಳವನ್ನು ತಿಪ್ಪೆಗೆ ಎಸೆಯಬಾರದು, ಕೋಳಿಗೆ ಹಾಕಿದರೆ ಅದರ ಹಿಕ್ಕೆಯಿಂದ ಸೊಪ್ಪಿಗೂ ರೋಗ ಹತ್ತುತ್ತದೆ, ಹಾಕಬಾರದು, ಸುಟ್ಟು ಹೂಳಬೇಕು.

ಟೀ ಅಂಗಡಿಯಲ್ಲಿ, "ಅಕ್ಕ ಹುಳಕ್ಕೂ ರಜ ಕೊಡ್ಸ್ತಾವ್ರೆ ಕಣೋ" ಎಂದು ನಕ್ಕರು. ನಕ್ಕರೂ ಒಪ್ಪಿದರು. ನಾನೂ ತಲೆಯಾಡಿಸಿದೆ. ಒಳಗೊಳಗೆ ಮಾತ್ರ ಅನುಮಾನ. ಗೂಡಿನ ಬೆಲೆ ಏರುತ್ತಿರುವಾಗ ಇವರಿಗೇಕೆ ಊರಿನ ಚಿಂತೆ? ನಾವೆಲ್ಲ ಕೈಕಟ್ಟಿ ಕೂತರೆ ತಾವೊಬ್ಬರೇ ಗೂಡು ಮಾರುವ ಹೂಟವಿರಬೇಕು. ಅವರ ಹುಳದ ಮನೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಹುಳ ಸೊಪ್ಪು ಮೇಯುವ ಸದ್ದು ಕೇಳೀತೇನೋ ಎಂದು ಗೋಡೆಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ಆದರೂ ನಂಬಲಿಲ್ಲ.

ನಾನೇ ಚಿಂತಾಮಣಿ ಕಡೆಯಿಂದ ಗುಟ್ಟಾಗಿ ಹುಳ ತಂದು ಹಿಂದಿನ ಕೋಣೆಯಲ್ಲಿ ಸಾಕಿದೆ. ಗೂಡು ಕಟ್ಟುವ ಮುಂಚೆಯೇ ಅವು ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸತ್ತವು. ಸುಟ್ಟರೆ ಹೊಗೆ ಕಾಣುತ್ತದೆ, ಗುಂಡಿ ತೋಡಿದರೆ ಯಾರಾದರೂ ಕೇಳುತ್ತಾರೆ. ಕೋಳಿಗಳಿಗೆ ಹಾಕಿದೆ. ಗಬಗಬನೆ ತಿಂದು, ಎಂದಿನಂತೆ ಅಕ್ಕನ ಹಿಪ್ಪುನೇರಳೆ ತೋಟಕ್ಕೆ ಕೆದಕಲು ಹೋದವು...

ಊರೆಲ್ಲ ಹೊಸ ಹುಳ ತಂದಿತು. ನಾನು ಸೊಂಟನೋವೆಂದು ತರಲಿಲ್ಲ. ಎಲ್ಲರ ಮನೆಯಲ್ಲೂ ಬೆಳೆ ಚೆನ್ನಾಗಿ ಬಂತು, ಅಕ್ಕನ ಮನೆಯೊಂದನ್ನು ಬಿಟ್ಟು. ಅವರು ಬಂದು ನಮ್ಮ ಜಗಲಿಯ ಮೇಲೆ ಕೂತರು.

"ನಿಜ ಹೇಳಪ್ಪ, ಮಧ್ಯದಲ್ಲಿ ನಿಮ್ಮನೇಲಿ ಏನಾದ್ರೂ ಹುಳ ಇತ್ತಾ?"

"ಇಲ್ಲಕ್ಕ. ನನ್ ಮೇಲೇ ಅನುಮಾನನಾ?"

ಅವರ ಮುಖ ಸಣ್ಣದಾಯಿತು. "ತಪ್ಪು ತಿಳ್ಕೋಬೇಡ ಕಣಪ್ಪ. ಹಂಗಾದ್ರೆ ನಾನೇ ಎಲ್ಲೋ ಸರಿಯಾಗಿ ತೊಳ್ದಿಲ್ಲ."

ತಟ್ಟೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ನೆಲ, ಗೋಡೆ... ಮತ್ತೆ ಮತ್ತೆ ತೊಳೆದರು. ಬುದ್ಧಿ ಹೇಳಿದವರ ಮನೆಗೇ ರೋಗ ಬಂತು ಎಂದು ಊರು ಆಡಿಕೊಂಡಿತು. ಮುಂದಿನ ವರ್ಷ ಅವರು ಹಿಪ್ಪುನೇರಳೆ ಕಿತ್ತು ಹಾಕಿ, ಮಗನನ್ನು ಕರೆದುಕೊಂಡು ಮಂಚೇನಹಳ್ಳಿಯ ತವರಿಗೆ ಹೋದರು. ಹೇಳಿ ಮಾಡಿಸುವವರಿಲ್ಲದೆ ಊರಿನಲ್ಲಿ ಒಟ್ಟಿಗೆ ತೊಳೆಯುವುದೂ ನಿಂತಿತು. ರೋಗ ಮತ್ತೆ ಬಂತು. ಒಬ್ಬೊಬ್ಬರಾಗಿ ಸಾಕಣೆ ಬಿಟ್ಟರು.

ಆ ಘಾಟು ಬಡಿದ ದಿನವೇ ಬಸ್ ಹತ್ತಿ ಮಂಚೇನಹಳ್ಳಿಗೆ ಹೋದೆ. ಅಕ್ಕ ತೀರಿಹೋಗಿ ಎರಡು ವರ್ಷವಾಗಿತ್ತು. ಮಗ ಗುರುತು ಹಿಡಿದು ಕೂರಿಸಿ ಕಾಫಿ ಕೊಟ್ಟ.

"ಕೊನೇವರ್ಗೂ ಅಮ್ಮ ಆ ಬೆಳೇದೇ ಮಾತಾಡೋರು ಮಾವ, ತನ್ನಿಂದ್ಲೇ ಏನೋ ತಪ್ಪಾಯ್ತು ಅಂತ. ನಿಮ್ಮನ್ನ ಸುಮ್ನೆ ಅನುಮಾನಿಸಿದೆ ಅಂತಾನೂ ಕೊರಗ್ತಿದ್ರು."

ಹೇಳಲೆಂದೇ ಹೋಗಿದ್ದವನು ಕಾಫಿ ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದು ಬಂದೆ. ಇಲ್ಲಿ ಬರೆದಿದ್ದೇನೆ, ಅವನು ಓದಲಿ. ಅವರ ಕೈಯಿಂದ ಏನೂ ತಪ್ಪಾಗಿರಲಿಲ್ಲವೆಂದು ಕೇಳಿಸಿಕೊಳ್ಳಲು ಅಕ್ಕನೇ ಇಲ್ಲ.